ನಳ ಬಿಡೋ ಸುದ್ದಿ ಮನಿಮನಿಗಿ ಮುಟ್ಟಬೇಕು: ನಗರಸಭೆಗೆ ವಾಟ್ಸಾಪ್ ಗ್ರೂಪ್ ಬೇಕೋ, ಚಾನೆಲ್ ಬೇಕೋ?

ಗುಡ್ಡದ_ಕೆಳಗ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ಶರಣು. ಒಂದು ನಗರಸಭೆಗೆ ಜಾಲತಾಣದ ವ್ಯವಸ್ಥೆ ಕೂಡಿಸಿಕೊಡಬೇಕಾಗ್ಯಾದ. 31 ವಾರ್ಡ್. ನಳ ಮೂರ್ನಾಲ್ಕು ದಿನಕ್ಕೊಮ್ಮೆ, ಅದೂ ಓಣಿಗೊಂದು ಹೊತ್ತು. ಈಗ ಇರೋದು ಒಂದು ಫೇಸ್‌ಬುಕ್ ಪೇಜ್, ಅದರ ಪಾಸ್‌ವರ್ಡ್ ಯಾರ ಕೈಯಾಗ ಅದ ಯಾರಿಗೂ ಗೊತ್ತಿಲ್ಲ. ಮತ್ತ ಸದಸ್ಯರು ತಾವೇ ಮಾಡಿಕೊಂಡ ಹತ್ತಾರು ವಾಟ್ಸಾಪ್ ಗ್ರೂಪ್.

ಕೇಳೋದು ಇಷ್ಟ: ನೀರು, ಕಸದ ಗಾಡಿ, ಆಸ್ತಿ ತೆರಿಗಿ, ಮಳಿ ಎಚ್ಚರಿಕಿ, ಈ ನಾಲ್ಕು ಸುದ್ದಿ ಜನರಿಗಿ ಮುಟ್ಟಬೇಕು. ಗ್ರೂಪ್ ಮಾಡಬೇಕೋ, ಚಾನೆಲ್ ಮಾಡಬೇಕೋ? ಪೋಸ್ಟ್ ಹಾಕಲಿಕ್ಕ ಒಬ್ಬನೇ ಆಪರೇಟರ್ ಅದಾನ.

ಬಿಸಿಲೂರು (ಕಲಬುರಗಿ)

ಗ್ರೂಪೋ ಚಾನೆಲೋ ಅನ್ನೋದು ಎರಡನೇ ಪ್ರಶ್ನಿ. ವಾಲ್ವ್ ತಿರುಗಿಸೋ ಮನುಷ್ಯನಿಂದ ಆಫೀಸಿಗಿ ಸುದ್ದಿ ಬರೋ ದಾರಿ ಮೊದಲು ಮಾಡ್ರಿ. ಬಹಳ ಕಡೆ ಖಾತೆ ಸಾಯೋದು ಇಲ್ಲೇ. ಆಪರೇಟರ್ ಕಂಪ್ಯೂಟರ್ ಮುಂದ ಕುಂತಿರ್ತಾನ, ಪಂಪ್‌ಹೌಸ್‌ನಾಗ ಕರೆಂಟ್ ಹೋಗಿ ತಾಸಾಗಿರ್ತದ, ಅವನಿಗಿ ಗೊತ್ತೇ ಇರಂಗಿಲ್ಲ. ನಿನ್ನೆ ಹಾಕಿದ ವೇಳಾಪಟ್ಟಿ ಸುಳ್ಳಾಗ್ತದ. ಎರಡು ಸಲ ಸುಳ್ಳಾದರ ಮೂರನೇ ಸಲ ಯಾರೂ ಓದಂಗಿಲ್ಲ.

ಅದಕ್ಕ ಒಳಗಿನ ಗ್ರೂಪ್ ಒಂದು ಬೇಕು. ವಾಲ್ವ್‌ಮನ್‌ಗಳು, ಪಂಪ್ ಆಪರೇಟರ್, ನೀರಿನ ಜೆಇ (ಜೂನಿಯರ್ ಎಂಜಿನಿಯರ್), ಪೋಸ್ಟ್ ಹಾಕೋ ಆಪರೇಟರ್, ಇಷ್ಟೇ ಮಂದಿ. ಸದಸ್ಯರು, ಪತ್ರಕರ್ತರು ಯಾರೂ ಬ್ಯಾಡ. ವಾಲ್ವ್‌ಮನ್‌ಗೆ ಟೈಪ್ ಮಾಡು ಅನ್ನಬ್ಯಾಡ್ರಿ, ಹತ್ತು ಸೆಕೆಂಡಿನ ಧ್ವನಿ ಸಾಕು: ಟ್ಯಾಂಕಿನ ಹೆಸರು, ಬಿಟ್ಟೆ, ಮುಚ್ಚಿದೆ ಇಲ್ಲಾ ಬಿಡಲಿಕ್ಕ ಆಗಂಗಿಲ್ಲ. ಸಂಜಿ 7ಕ್ಕ ಜೆಇ ಮರುದಿನದ ಪಟ್ಟಿ ಒಪ್ಪಬೇಕು, 8ರೊಳಗ ಜನರಿಗಿ ಹೋಗಬೇಕು. ಬೆಳಿಗ್ಗಿ ಬದಲಾದರ 15 ನಿಮಿಷದೊಳಗ ತಿದ್ದುಪಡಿ ಹೋಗಬೇಕು. ಅದಕ್ಕ ಪೌರಾಯುಕ್ತರ ಒಪ್ಪಿಗಿ ಕಾಯೋ ಪದ್ಧತಿ ಇಡಬ್ಯಾಡ್ರಿ. "ನೀರು, ಕಸ, ರಸ್ತಿ ಬಂದ್: ಈ ಮೂರಕ್ಕ ಜೆಇ ಇಲ್ಲವೇ ಹೆಲ್ತ್ ಇನ್ಸ್‌ಪೆಕ್ಟರ್ ಮಾತೇ ಸಾಕು" ಅಂತ ಮೊದಲೇ ಒಂದು ಟಿಪ್ಪಣಿ ಬರೆಸಿ ಸಹಿ ಮಾಡಿಸಿ ಇಟ್ಕೋರಿ.

ಇನ್ನೊಂದು ತಪ್ಪು ಎಲ್ಲಾ ಕಡೆ ಆಗ್ತದ. ಕರೆಂಟ್ ಒಂದು ತಾಸು ಹೋದರ "ನೀರು 1 ಗಂಟೆ ತಡ" ಅಂತ ಹಾಕಿಬಿಡ್ತಾರ. ಲೆಕ್ಕ ಹಂಗ ಇರಂಗಿಲ್ಲ. 5 ಲಕ್ಷ ಲೀಟರಿನ ಟ್ಯಾಂಕಿಗಿ ತಾಸಿಗಿ 1 ಲಕ್ಷ ಲೀಟರ್ ಏರೋ ಪಂಪ್ ಇದ್ದರ ತುಂಬಲಿಕ್ಕೇ 5 ತಾಸು. ಅರ್ಧ ಟ್ಯಾಂಕಿನಾಗ ಬಿಟ್ಟರ ಕಡಿ ಮನಿಗಿ ಪ್ರೆಷರ್ ಇರಂಗಿಲ್ಲ. ಇವತ್ತಿನ ಓಣಿ ತಡ ಆದರ ಅದೇ ಟ್ಯಾಂಕಿನ ಮುಂದಿನ ಓಣಿನೂ ತಡ. ಅದಕ್ಕ ಗೊತ್ತಿಲ್ಲದ ಹೊತ್ತು ಬರೀಬ್ಯಾಡ್ರಿ. "ಟ್ಯಾಂಕ್ ತುಂಬಿಲ್ಲ. ಮುಂದಿನ ಸುದ್ದಿ 11ಕ್ಕ ಹಾಕ್ತೀವಿ" ಅನ್ರಿ. 11ಕ್ಕ ಏನೂ ಬದಲಾಗಿರದಿದ್ರೂ ಹಾಕ್ರಿ.

ಬಿಸಿಲೂರು

ಈಗ ನಿಮ್ಮ ಪ್ರಶ್ನಿಗಿ. ವಾಟ್ಸಾಪ್ ಗ್ರೂಪಿಗಿ ಮಿತಿ 1024 ಮಂದಿ. ಬ್ರಾಡ್‌ಕಾಸ್ಟ್ ಪಟ್ಟಿಗಿ 256, ಅದರಾಗೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗಷ್ಟೇ ಮುಟ್ಟತದ. ಚಾನೆಲ್ ಅಂದ್ರ ಆಫೀಸಷ್ಟೇ ಬರೆಯೋದು, ಜನ ಹಿಂಬಾಲಿಸಿ ಓದೋದು. ಅದಕ್ಕ ಆ ಮಿತಿ ಇಲ್ಲ, ಹಿಂಬಾಲಿಸೋರ ನಂಬರ್ ಒಬ್ಬರಿಂದು ಒಬ್ಬರಿಗಿ ಕಾಣಂಗಿಲ್ಲ. ಊರಿಗೆಲ್ಲಾ ಒಂದು ಚಾನೆಲ್ ಮಾಡ್ರಿ, ಗ್ರೂಪ್ ಬ್ಯಾಡ.

ತೊಗರಿ_ಹೊಲ (ಕಲಬುರಗಿ ಜಿಲ್ಲೆ)

ಬಿಸಿಲೂರು ಅಣ್ಣಾರ, ಚಾನೆಲ್ ಒಂದೇ ಮಾಡಿದ್ರ ಸೋಲ್ತದ. ಚಾನೆಲ್ ಹಿಂಬಾಲಿಸಿದ ಕೂಡಲೇ ಅದು ಮ್ಯೂಟ್ ಆಗಿಯೇ ಇರ್ತದ. ಗಂಟೆ ಗುರುತು ಒತ್ತಿದವರಿಗಷ್ಟೇ ಸಪ್ಪಳ ಬರೋದು. ಸುದ್ದಿ ಬಂದು ಕೂಡೋದು ಚಾಟ್ ಪಟ್ಟಿಯೊಳಗಲ್ಲ, ಅಪ್‌ಡೇಟ್ಸ್ ಅನ್ನೋ ಬ್ಯಾರೆ ಮನಿಯಾಗ. 60 ದಾಟಿದವರು ಆ ಮನಿ ಬಾಗಿಲೇ ತೆಗೆಯಂಗಿಲ್ಲ. ನೀರು ಹಿಡಿಯೋರು ಯಾರು? ಮನಿಯಾಗಿರೋ ಹೆಣ್ಣುಮಕ್ಕಳು, ವಯಸ್ಸಾದವರು. ಅವರ ಫೋನಿನಾಗ ಸಪ್ಪಳ ಆಗಬೇಕು.

ಹಂಗಂತ ಗ್ರೂಪೂ ಬ್ಯಾಡ. ಗ್ರೂಪಿಗಿ ಸೇರಿದ ಹೆಣ್ಣುಮಗಳ ನಂಬರ್ ಸಾವಿರ ಮಂದಿಗಿ ಕಾಣಸ್ತದ, ಮರುದಿನದಿಂದ ಗುಡ್ ಮಾರ್ನಿಂಗ್ ಶುರು. ಅದೇ ಕಾರಣಕ್ಕ ಎಷ್ಟೋ ಮಂದಿ ಗ್ರೂಪ್ ಬಿಟ್ಟು ಹೋಗ್ತಾರ, ಬಿಟ್ಟದ್ದು ಯಾಕ ಅಂತ ಆಫೀಸಿಗಿ ತಿಳಿಯಂಗೇ ಇಲ್ಲ.

ನಡು ದಾರಿ ಅಂದ್ರ ವಾಟ್ಸಾಪ್ ಕಮ್ಯುನಿಟಿ. ಅದರ ಪ್ರಕಟಣೆ ಗ್ರೂಪಿನಾಗ ಅಡ್ಮಿನ್ ಮಾತ್ರ ಬರೀತಾರ, ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗಿ ಮುಚ್ಚಿರ್ತದ, ಸುದ್ದಿ ಚಾಟ್ ಪಟ್ಟಿಯಾಗೇ ಬರ್ತದ. ವಾರ್ಡಿಗೊಂದು ಮಾಡಬ್ಯಾಡ್ರಿ, ನೀರಿನ ಟ್ಯಾಂಕಿಗೊಂದು ಮಾಡ್ರಿ. ನೀರು ಬರೋದು ವಾರ್ಡಿನ ಗೆರಿ ನೋಡಿ ಅಲ್ಲ, ಟ್ಯಾಂಕ್ ನೋಡಿ. ಒಂದೇ ವಾರ್ಡಿನ ಅರ್ಧ ಒಂದು ಟ್ಯಾಂಕಿಂದ, ಅರ್ಧ ಇನ್ನೊಂದರಿಂದ ಇದ್ದರ ವಾರ್ಡಿನ ಗ್ರೂಪಿನಾಗ ದಿನಾ ಅರ್ಧ ಮಂದಿಗಿ ತಪ್ಪು ಸುದ್ದಿ. 31 ವಾರ್ಡಿನ ಊರಿಗಿ ಆರೆಂಟು ಟ್ಯಾಂಕ್ ಇದ್ದಾವು, ಒಬ್ಬ ಆಪರೇಟರಿಗಿ ಅಷ್ಟು ಸಂಭಾಳಸಲಿಕ್ಕ ಆಗ್ತದ. ಊರಿಗೆಲ್ಲಾ ಬೇಕಾದ ತೆರಿಗಿ, ಮಳಿ ಸುದ್ದಿಗಿ ಚಾನೆಲ್ ಇರ್ಲಿ.

ಕ್ಯೂಆರ್ ಕೋಡ್ ಟ್ಯಾಂಕ್ ಪ್ರಕಾರ ಬ್ಯಾರೆ ಬ್ಯಾರೆ ಛಾಪಿಸಿ ನೀರಿನ ಬಿಲ್ಲಿನ ಮ್ಯಾಲೇ ಹಾಕ್ರಿ. ಬಿಲ್ಲಿನ ಮ್ಯಾಲ ಹಾಕಿದ್ರ ಮನಿ ಯಾವ ಟ್ಯಾಂಕಿಂದು ಅಂತ ಜನ ಹುಡುಕೋ ಕೆಲಸ ಇಲ್ಲ.

ಬಿಸಿಲೂರು

ಒಪ್ಪಿದೆ ಅಕ್ಕಾರ. ಟ್ಯಾಂಕಿಗೊಂದು ಅನ್ನೋದೇ ಸರಿ.

ಚೌಕದಾಗಿನವ

ಇಷ್ಟೆಲ್ಲಾ ಯಾಕ? ಕಸದ ಗಾಡಿ ಮೈಕಿನಾಗ ಕೂಗಿಸಿದ್ರ ಆಗಂಗಿಲ್ಲೇನು.

ತೊಗರಿ_ಹೊಲ

ಆಗ್ತದ, ಅದನ್ನೂ ಮಾಡಬೇಕು. ಫೋನ್ ಇಲ್ಲದ ಮನಿಗಿ ಅದೇ ದಾರಿ. ಆಪರೇಟರ್ ವಾಟ್ಸಾಪಿಗಿ ಹಾಕೋ ಧ್ವನಿ ಸಂದೇಶವನ್ನೇ ಗಾಡಿ ಡ್ರೈವರಿಗಿ ಕಳಿಸಿದ್ರ ಎರಡೂ ಕಡೆ ಮಾತು ಒಂದೇ ಇರ್ತದ. ಗಾಡಿ ಒಂದು, ಗ್ರೂಪ್ ಒಂದು ಹೇಳಿದ್ರ ಜನ ಗಾಡಿನೇ ನಂಬ್ತಾರ, ನೆನಪಿರ್ಲಿ.

ಕಾರಂಜಾ_ದಂಡಿ (ಬೀದರ್)

ಅಕ್ಷರದ ವಿಷಯ ಯಾರೂ ಎತ್ತಲಿಲ್ಲ. ಆಫೀಸಿನಲ್ಲಿ ಟೈಪಾಗುವುದು ಹೆಚ್ಚಾಗಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಅದನ್ನು ಹಾಗೇ ವಾಟ್ಸಾಪಿಗೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ‘ನ’ ಇರುವ ಕಡೆಯಲ್ಲೆಲ್ಲ ಪೌಂಡ್ ಗುರುತು ಕಂಡರೆ ರೋಗ ಇದೇ ಎಂದು ತಿಳಿಯಿರಿ. ಇದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಪ್ರಿಂಟ್ ತೆಗೆದು, ಸೀಲ್ ಒತ್ತಿ, ಮೊಬೈಲಿನಲ್ಲಿ ಫೋಟೋ ಹೊಡೆದು ಹಾಕುವುದು. ಆ ಫೋಟೋ ವಾಟ್ಸಾಪಿನಲ್ಲಿ ಕುಗ್ಗಿ ಮಸುಕಾಗುತ್ತದೆ. ವಾರದ ನಂತರ ಯಾರಾದರೂ ‘ತೆರಿಗೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಇಲ್ಲ.

ಮಾಡಬೇಕಾದ್ದು: ಮೊದಲಿನಿಂದಲೇ ಯೂನಿಕೋಡ್‌ನಲ್ಲಿ (ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ) ಟೈಪ್ ಮಾಡಿ. ಹಳೇ ಕಡತ ಇದ್ದರೆ ಪರಿವರ್ತಕಕ್ಕೆ ಹಾಕಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿ ಈ ಮೂರನ್ನು ಕಣ್ಣಿಟ್ಟು ನೋಡಿ. ಕೆಡುವುದು ಅಲ್ಲೇ. ಸೀಲು ಸಹಿ ಇರುವ ಪ್ರತಿ ಬೇಕೇಬೇಕು ಎಂದಾದರೆ ಅದನ್ನು ಪಿಡಿಎಫ್ ಮಾಡಿ ಕೆಳಗೆ ಲಗತ್ತಿಸಿ. ಮೇಲೆ ನಾಲ್ಕು ಸಾಲು ಬರಹ ಇರಲೇಬೇಕು. ಚಿತ್ರ ಮಾಡುವುದಾದರೆ 1080×1350 ಪಿಕ್ಸೆಲ್ ಅಳತೆ, ಅದರಲ್ಲಿ 25 ಪದ ದಾಟಬಾರದು, ಗಣ್ಯರ ಫೋಟೋ ಬೇಡ. ಆರು ಮುಖ ಹಾಕಿದ ಮೇಲೆ ನೀರಿನ ಸಮಯ ಬರೆಯಲು ಉಳಿಯುವ ಜಾಗ ಅಂಗೈಯಷ್ಟೂ ಇರುವುದಿಲ್ಲ.

ಭಾಷೆ. ನಮ್ಮ ಮೂರು ಜಿಲ್ಲೆಯಲ್ಲಿ ಕನ್ನಡ ಒಂದರಲ್ಲೇ ಮುಗಿಯುವುದಿಲ್ಲ. ಬೀದರ್, ಕಲಬುರಗಿ ಪಟ್ಟಣದಲ್ಲಿ ಉರ್ದು, ಔರಾದ್ ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಸೇಡಂ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಎಲ್ಲದರಲ್ಲೂ ಬರೆಯುತ್ತಾ ಕೂತರೆ ಒಬ್ಬ ಆಪರೇಟರ್ ಸಾಯುತ್ತಾನೆ. ಬರಹ ಕನ್ನಡದಲ್ಲಿರಲಿ, ಧ್ವನಿ ಎರಡು ಭಾಷೆಯಲ್ಲಿರಲಿ, ತಲಾ 30 ಸೆಕೆಂಡ್. ಧ್ವನಿಯಲ್ಲಿ ಮೊದಲು ವಾರ ಮತ್ತು ತಾರೀಖು, ಆಮೇಲೆ ಓಣಿ, ಕೊನೆಗೆ ಹೊತ್ತು. ‘ಮಾನ್ಯ ಪೌರಾಯುಕ್ತರ ಆದೇಶದ ಮೇರೆಗೆ’ ಎಂದು ಶುರು ಮಾಡಿದರೆ ಓಣಿಯ ಹೆಸರು ಬರುವಷ್ಟರಲ್ಲಿ ಕೇಳುವವರು ಮುಂದೆ ಹೋಗಿರುತ್ತಾರೆ.

ಹಳೇ_ಫೈಲು (ಕಲಬುರಗಿ)

ಪಾಸ್‌ವರ್ಡ್ ಸಂಗತಿಗೆ ಬರುತ್ತೇನೆ. ಮೂಲ ಪ್ರಶ್ನೆಯಲ್ಲಿ ಅದನ್ನು ಆವರಣದೊಳಗಿನ ಮಾತಿನಂತೆ ಹೇಳಿದ್ದೀರಿ. ನಿಜವಾದ ಅಪಾಯ ಅದೇ.

ಫೇಸ್‌ಬುಕ್ ಪೇಜ್ ಯಾರದೋ ವೈಯಕ್ತಿಕ ಪ್ರೊಫೈಲಿಗೆ ಕಟ್ಟಿರುತ್ತದೆ. ಗುತ್ತಿಗೆ ಆಪರೇಟರ್ ಬಿಟ್ಟು ಹೋದ ದಿನ ಪೇಜೂ ಹೋಗುತ್ತದೆ. ಪೂರ್ಣ ನಿಯಂತ್ರಣ ಕನಿಷ್ಠ ಇಬ್ಬರು ಕಾಯಂ ನೌಕರರಲ್ಲಿ ಇರಬೇಕು. ಆಪರೇಟರಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಮಾತ್ರ. ವಾಟ್ಸಾಪಿನ ಸಿಮ್ ಕಚೇರಿಯ ಹೆಸರಿನಲ್ಲಿ, ಸಾಧ್ಯವಾದರೆ ಪೋಸ್ಟ್‌ಪೇಯ್ಡ್. ರೀಚಾರ್ಜ್ ಇಲ್ಲದೆ ಬಿದ್ದಿರುವ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗುತ್ತದೆ. ಆಗ ನಗರಸಭೆಯ ಹೆಸರಿದ್ದ ನಂಬರಿಗೆ ಬಂದ ದೂರುಗಳು ಯಾರದೋ ಮನೆಗೆ ಹೋಗುತ್ತವೆ. ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಹಾಕಿ. ಮರಳಿ ಪಡೆಯುವ ಇಮೇಲ್ ಸರ್ಕಾರಿ ವಿಳಾಸವಾಗಿರಲಿ. ಪಿನ್ನು ಪಾಸ್‌ವರ್ಡ್ ಬರೆದ ಲಕೋಟೆಗೆ ಅರಗು ಹಾಕಿ ಕಚೇರಿ ವ್ಯವಸ್ಥಾಪಕರ ತಿಜೋರಿಯಲ್ಲಿಡಿ, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈಗಳ ಜೊತೆ ಅದನ್ನೂ ಒಂದು ಬಾಬ್ತಾಗಿ ಸೇರಿಸಿ.

ಹಳೇ ಪೇಜ್ ಸಿಗದೇ ಹೋದರೆ ಹೊಸದು ಮಾಡಿ. ಅದರ ಕೊಂಡಿಯನ್ನು ನಗರಸಭೆಯ ಸರ್ಕಾರಿ ಜಾಲತಾಣದಲ್ಲಿ ಹಾಕಿ. ಅಸಲಿ ನಕಲಿ ಗುರುತಿಗೆ ಜನರಿಗೆ ಇರುವ ಒರೆಗಲ್ಲು ಅದೊಂದೇ. ಜೊತೆಗೆ ಒಂದು ಸ್ಥಿರ ಸಾಲು: ‘ನಗರಸಭೆ ಎಪಿಕೆ ಕಡತ ಕಳಿಸುವುದಿಲ್ಲ, ಓಟಿಪಿ ಕೇಳುವುದಿಲ್ಲ.’ ತೆರಿಗೆ ಬಾಕಿ, ನೀರಿನ ಬಿಲ್ಲು ಎಂದು ಎಪಿಕೆ (ಫೋನಿಗೆ ಆ್ಯಪ್ ಕೂರಿಸುವ ಕಡತ) ಕಳಿಸಿ ಖಾತೆ ಬರಿದು ಮಾಡುವ ವಂಚನೆ ಎಲ್ಲೆಡೆ ಇದೆ. ಹಣ ಹೋದವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ಅಲ್ಲೇ ಬರೆದಿರಿ.

ಗುಡ್ಡದ_ಕೆಳಗ

ಸರ್ರ, ಬೇಸಿಗಿಯಾಗ ಏಪ್ರಿಲ್ ಮೇ ಎರಡು ತಿಂಗಳು ನಮ್ಮ ಕಡೆ ಆಫೀಸ್ ಬೆಳಿಗ್ಗಿ 8ರಿಂದ ಮಧ್ಯಾಹ್ನ 1:30ರ ತನಕ ಅಷ್ಟೇ. ಮಧ್ಯಾಹ್ನದ ಮ್ಯಾಲ ಬರೋ ಮೆಸೇಜಿಗಿ ಏನು ಮಾಡೋದು? ನೀರಿನ ಗದ್ದಲ ಇರೋದೇ ಆ ಎರಡು ತಿಂಗಳು.

ಬಿಸಿಲೂರು

ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕ್ರಿ, ಪುಕ್ಕಟಿ. ಅದರಾಗ ಕೆಲಸದ ಹೊತ್ತು ಕೊಟ್ಟರ ಆ ಹೊತ್ತಿನ ಹೊರಗ ತಾನೇ ಉತ್ತರ ಹೋಗ್ತದ. ಏಪ್ರಿಲ್ 1ಕ್ಕ ಮತ್ತ ಜೂನ್ 1ಕ್ಕ ಆ ಹೊತ್ತು ಬದಲಿಸೋದು ಕ್ಯಾಲೆಂಡರಿನಾಗ ಬರೆದಿಡ್ರಿ, ಎಲ್ಲರೂ ಮರೀತಾರ. ಉತ್ತರದಾಗ "ನಿಮ್ಮ ಸಂದೇಶ ಸ್ವೀಕರಿಸಲಾಗಿದೆ" ಅಂತ ಬರೀಬ್ಯಾಡ್ರಿ, ದೂರು ದಾಖಲಾತು ಅಂತ ಜನ ತಿಳ್ಕೋತಾರ. "ಕರೆಂಟ್ ಇಲ್ಲ ಅಂದ್ರ ಜೆಸ್ಕಾಂ 1912. ಜೀವಕ್ಕ ಅಪಾಯ ಅಂದ್ರ 112. ನೀರು, ಚರಂಡಿ ನಾಳೆ 8ಕ್ಕ ನೋಡ್ತೀವಿ" ಅನ್ರಿ.

ಒಮ್ಮೊಮ್ಮೆ ನೋಡಿದ್ರ ಬರೋ ಮೆಸೇಜಿನಾಗ ಅರ್ಧ ನಗರಸಭೆಗೆ ಸಂಬಂಧವೇ ಇರಂಗಿಲ್ಲ. ರೇಷನ್, ಪಿಂಚಣಿ, ಕರೆಂಟ್. ಅವಕ್ಕ ಸಿದ್ಧ ಉತ್ತರ ಉಳಿಸಿಡ್ರಿ, ಆ್ಯಪಿನಾಗ ಓರೆಗೆರಿ (/) ಒತ್ತಿದ್ರ ಬರ್ತದ. ಹತ್ತು ಉತ್ತರ ಇದ್ದರ ದಿನದ ಕೆಲಸ ಅರ್ಧ ಹಗುರ.

ಹಳೇ_ಫೈಲು

ದೂರಿಗೆ ಸಂಖ್ಯೆ ಕೊಡದಿದ್ದರೆ ಅದು ದೂರಲ್ಲ, ಹರಟೆ. ಕಾಮೆಂಟಿನಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬರೆದು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಗರಸಭೆ ದೂರುಗಳಿಗಿರುವ ಜನಹಿತ ಆ್ಯಪಿನಲ್ಲಿ ನೀವೇ ದಾಖಲಿಸಿ, ಆ ಸಂಖ್ಯೆಯನ್ನು ಅವರಿಗೆ ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದ ಸಹಾಯವಾಣಿ 1902 ಇದೆ ಎಂದು ಹೇಳಲು ಅಂಜಬೇಡಿ.

ಬಿಸಿಲೂರು

ಪೈಪ್ ಒಡೆದ ಫೋಟೋ ಕಳಿಸ್ತಾರಲ್ಲ, ಅದರೊಳಗಿನ ಜಾಗದ ಮಾಹಿತಿ ವಾಟ್ಸಾಪ್ ಕಿತ್ತು ಹಾಕಿರ್ತದ. ಫೋಟೋ ನೋಡಿ ಪ್ಲಂಬರ್ ಎಲ್ಲಿಗಿ ಹೋಗಬೇಕು? ಅದಕ್ಕ ಕೇಳೋದು ಮೂರು: ಫೋಟೋ, ಲೊಕೇಶನ್, ಗುರುತಿನ ಜಾಗ (ಗುಡಿ, ಮಸೀದಿ, ಕಿರಾಣಿ ಅಂಗಡಿ). ಬೀದಿ ದೀಪ ಆದರ ಕಂಬದ ಮ್ಯಾಲಿನ ನಂಬರ್. ಕೆಲಸ ಮುಗಿದ ಮ್ಯಾಲ ಅದೇ ಕೋನದಿಂದ ತೆಗೆದ ಫೋಟೋ ವಾಪಸ್ ಕಳಿಸ್ರಿ.

ಚೌಕದಾಗಿನವ

ತೆರಿಗಿ ಕಟ್ಟದವರ ಹೆಸರು, ರಸ್ತ್ಯಾಗ ಕಸ ಒಗೆಯೋರ ಫೋಟೋ ಪೇಜಿಗಿ ಹಾಕ್ರಿ. ಮಾನಕ್ಕ ಅಂಜಿ ದಾರಿಗಿ ಬರ್ತಾರ.

ತೊಗರಿ_ಹೊಲ

ಬ್ಯಾಡ. ಬಾಕಿ ಪಟ್ಟಿಯಾಗ ತಪ್ಪು ಇರೋದು ಎಷ್ಟು ಅಂತ ತೆರಿಗಿ ವಿಭಾಗದವರನ್ನೇ ಕೇಳ್ರಿ. ಸತ್ತವರ ಹೆಸರಿನಾಗ ಖಾತೆ, ಮಾರಿದ ಮನಿ ಹಳೇ ಮಾಲೀಕರ ಹೆಸರಿನಾಗ, ಕಟ್ಟಿದ ಚಲನ್ ಏರಿಸಿಲ್ಲ. ಒಂದು ತಪ್ಪು ಹೆಸರು ಹೋದರ ಅಳಿಸೋದ್ರೊಳಗ ನೂರು ಗ್ರೂಪ್ ದಾಟಿರ್ತದ. ಕಸ ಒಗೆಯೋಳು ಅಂತ ಫೋಟೋದಾಗ ಸಿಗೋಳು ಹೆಚ್ಚಾಗಿ ಆ ಮನಿ ಕೆಲಸದಾಕಿ.

ತೆರಿಗಿಗಿ ಕೆಲಸ ಮಾಡೋ ಸುದ್ದಿ ಅಂದ್ರ ರಿಯಾಯಿತಿ. ಏಪ್ರಿಲ್‌ನಾಗ ಕಟ್ಟಿದ್ರ 5% ಕಡಿಮಿ ಅನ್ನೋದು ಏಪ್ರಿಲ್ 1, 15, 25 ಮೂರು ದಿನ ಹಾಕ್ರಿ, ಪಾವತಿ ಕೊಂಡಿ ಜೊತಿಗಿ. 28ಕ್ಕ ಹಾಕಿದ್ರ ಕೌಂಟರ್ ಮುಂದ ಸಾಲು ನಿಲ್ತದ, ಸರ್ವರ್ ಮಲಗ್ತದ.

ಹಳೇ_ಫೈಲು

ಹೆಸರಿನ ಪಟ್ಟಿ ಎಂದಿರಲ್ಲ, ಅದಕ್ಕೆ ಸೇರಿಸುತ್ತೇನೆ. ಮನೆ, ಶೌಚಾಲಯದ ಫಲಾನುಭವಿ ಪಟ್ಟಿ ಬಹಿರಂಗ ಮಾಡುವುದು ಸರಿ, 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಆಶಯವೂ ಅದೇ. ಆದರೆ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆ ನಿಷೇಧಿಸಿದೆ. ಎಕ್ಸೆಲ್ ಹಾಳೆಯಲ್ಲಿ ಆ ಕಾಲಮ್ ಮರೆಮಾಡಿ ಕಳಿಸಿದರೆ ತೆರೆದವರು ಒಂದು ಕ್ಲಿಕ್ಕಿನಲ್ಲಿ ಬಿಚ್ಚಿ ನೋಡುತ್ತಾರೆ. ಕಾಲಮ್ ಅಳಿಸಿ, ಪಿಡಿಎಫ್ ಮಾಡಿ, ಬೇರೆ ಫೋನಿನಲ್ಲಿ ತೆರೆದು ನೋಡಿ, ಆಮೇಲೆ ಹಾಕಿ. ಬ್ಯಾಂಕ್ ಖಾತೆಗೂ ಇದೇ ಮಾತು.

ಚುನಾವಣೆ ನೀತಿಸಂಹಿತೆ ಜಾರಿಯಾದ ದಿನ ಪೇಜಿನ ಮುಖಚಿತ್ರದಲ್ಲಿರುವ ರಾಜಕಾರಣಿಗಳ ಫೋಟೋ ಇಳಿಸಬೇಕು. ಮೊದಲೇ ಹಾಕದಿದ್ದರೆ ಇಳಿಸುವ ಕೆಲಸವೇ ಇಲ್ಲ. ನೀರಿನ ಸುದ್ದಿಗೆ ನೀತಿಸಂಹಿತೆ ಅಡ್ಡ ಬರುವುದಿಲ್ಲ. ‘ಕೋಡ್ ಆಫ್ ಕಂಡಕ್ಟ್ ಇದೆ’ ಎಂದು ನೀರಿನ ವೇಳೆಯನ್ನೂ ನಿಲ್ಲಿಸಿ ಕೂರುವ ಸೋಮಾರಿತನಕ್ಕೆ ಮದ್ದಿಲ್ಲ.

ಭೀಮಾ_ಹೊಳಿ (ಅಫಜಲಪುರ ಕಡೆ)

ಮಳಿ, ಪ್ರವಾಹದ ಸುದ್ದಿ ಬ್ಯಾರೆ ಜಾತಿದು. "ಉಜನಿ ಡ್ಯಾಂನಿಂದ ಇಷ್ಟು ಲಕ್ಷ ಕ್ಯೂಸೆಕ್ ಬಿಟ್ಟಾರ" ಅಂತ ಹಾಕಿದ್ರ ಹೊಳಿ ದಂಡಿ ಮನುಷ್ಯನಿಗಿ ಏನು ತಿಳೀಬೇಕು? ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗಿ 28 ಲೀಟರ್ ಚಿಲ್ಲರೆ ಅಂತ ಹೇಳಿದ್ರೂ ಉಪಯೋಗಿಲ್ಲ. ಅವನಿಗಿ ಬೇಕಾದದ್ದು: ಘತ್ತರಗಿ ಸೇತುವೆ ಮ್ಯಾಲ ಹೋಗಬಹುದೋ ಇಲ್ಲೋ, ಸುತ್ತಾಕಿ ಹೋಗೋ ದಾರಿ ಯಾವುದು, ಪಂಪ್‌ಸೆಟ್ ಮ್ಯಾಲ ತರಲಿಕ್ಕ ಎಷ್ಟು ತಾಸು ಅದ, ಕಾಳಜಿ ಕೇಂದ್ರ ಯಾವ ಶಾಲಿ. ಕೃಷ್ಣಾ ಕಡೆ ನಾರಾಯಣಪುರ ಡ್ಯಾಂ ನೀರು ಬಿಟ್ಟಾಗೂ ಹಂಗೇ, ಕೊಳ್ಳೂರು ಸೇತುವೆ ಹೆಸರು ಹೇಳ್ರಿ, ಜನರಿಗಿ ಅರ್ಥ ಆಗ್ತದ.

ಅಣೆಕಟ್ಟಿನ ಅಂಕಿ ನೀವಾಗೇ ಹಾಕಬ್ಯಾಡ್ರಿ. ಜಿಲ್ಲಾಡಳಿತ ಏನು ಹಾಕ್ಯಾರ ಅದನ್ನ ನೋಡಿ, ಅದರ ಸಮಯ ಬರೆದು ಹಾಕ್ರಿ. "ಡ್ಯಾಂ ಒಡೆದದ" ಅನ್ನೋ ಹಳೇ ವಿಡಿಯೋ ಪ್ರತಿ ಮಳಿಗಾಲಕ್ಕ ಎದ್ದು ಬರ್ತದ. ಅದು ಸುಳ್ಳು ಅಂತ ಹೇಳೋವಾಗ ಆ ವಿಡಿಯೋನ ಮತ್ತ ಹಾಕೋ ತಪ್ಪು ಮಾಡ್ತಾರ. ಸ್ಕ್ರೀನ್‌ಶಾಟ್ ಮ್ಯಾಲ ಕೆಂಪು ಗೆರಿ ಅಡ್ಡ ಎಳೆದು ‘ಸುಳ್ಳು’ ಅಂತ ದೊಡ್ಡದಾಗಿ ಬರೆದು ಹಾಕ್ರಿ, ಕೆಳಗ ಈಗಿನ ನಿಜ ಸ್ಥಿತಿ ಒಂದೇ ಸಾಲು. ಬಹಳ ಸಲ ಫಾರ್ವರ್ಡ್ ಆದ ಸುದ್ದಿನ ವಾಟ್ಸಾಪ್ ಒಂದು ಸಲಕ್ಕ ಒಂದೇ ಚಾಟಿಗಿ ಬಿಡ್ತದ, ಖರೆ, ಆದ್ರ ಹೊಸದಾಗಿ ಅಪ್‌ಲೋಡ್ ಮಾಡಿದ ವಿಡಿಯೋಕ್ಕ ಆ ಕಟ್ಟು ಇಲ್ಲ.

ಸಿಡಿಲಿಗಿ ನಿಮ್ಮ ಚಾನೆಲ್ ಕಾಯಬ್ಯಾಡ್ರಿ, ಅದು ನಿಮಿಷದ ಆಟ. ಸಿಡಿಲಿನ ಮುನ್ಸೂಚನೆ ಕೊಡೋ ದಾಮಿನಿ ಆ್ಯಪ್ ಹಾಕೋದು ಹ್ಯಾಂಗ ಅಂತ ಮೇ ತಿಂಗಳಾಗೇ ಒಂದು ವಿಡಿಯೋ ಮಾಡಿ ಕಳಿಸ್ರಿ. ದೊಡ್ಡ ಮಳಿ ಬಂದ ದಿನ ಟವರಿಗಿ ಕರೆಂಟ್ ಇರಂಗಿಲ್ಲ, ನೆಟ್ ಇರಂಗಿಲ್ಲ, ನಿಮ್ಮ ಪೋಸ್ಟ್ ಯಾರಿಗೂ ಮುಟ್ಟಂಗಿಲ್ಲ. ಆ ದಿನಕ್ಕ ಡಂಗುರ, ಗುಡಿ ಮೈಕು, ಮಸೀದಿ ಮೈಕು. ಯಾರಿಗಿ ಫೋನ್ ಮಾಡಬೇಕು ಅನ್ನೋ ಪಟ್ಟಿ ಕಾಗದದ ಮ್ಯಾಲ ಇರ್ಲಿ.

ಗುಡ್ಡದ_ಕೆಳಗ

ಇಷ್ಟು ಓದಿ ಒಂದು ಕರಡು ಮಾಡೀನಿ, ಆಫೀಸಿನ ಹಳೇ ಮಾದರಿ ನೋಡಿ:

"ಸಾರ್ವಜನಿಕರ ಗಮನಕ್ಕೆ: ತಾಂತ್ರಿಕ ಕಾರಣಗಳಿಂದಾಗಿ ನಾಳೆ ವಾರ್ಡ್ ಸಂಖ್ಯೆ 7ರ ವ್ಯಾಪ್ತಿಯಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ."

ತೊಗರಿ_ಹೊಲ

‘ನಾಳೆ’ ತೆಗೀರಿ. ಈ ಸುದ್ದಿ ಎರಡು ದಿನ ಬಿಟ್ಟು ಫಾರ್ವರ್ಡ್ ಆಗಿ ಬರ್ತದ, ಆವಾಗ ನಾಳೆ ಅಂದ್ರ ಯಾವುದು? ‘ವ್ಯತ್ಯಯ’ ಅಂದ್ರ ತಡಾ ಆಗ್ತದೋ, ಕಡಿಮಿ ಬರ್ತದೋ, ಬರೋದೇ ಇಲ್ಲೋ? ‘ತಾಂತ್ರಿಕ ಕಾರಣ’ ಅಂದ್ರ ಜನ ಮುಚ್ಚಿಡ್ಲಿಕತ್ಯಾರ ಅಂತ ತಿಳೀತಾರ, ಮೋಟರ್ ಸುಟ್ಟದ ಅಂದ್ರ ಸುಮ್ಮನಾಗ್ತಾರ. 7ನೇ ವಾರ್ಡ್ ಅಂದ್ರ ತಮ್ಮದು ಅಂತ ಅರ್ಧ ಮಂದಿಗಿ ಗೊತ್ತಿಲ್ಲ, ಓಣಿ ಹೆಸರು ಬರೀರಿ. ಹಿಂಗ:

"ನೀರು – ಗುರುವಾರ, 12-06-2025
ಇಲ್ಲ: ಗಾಂಧಿ ಚೌಕ, ಕುಂಬಾರ ಓಣಿ, ಹಳೇ ಬಸ್ ನಿಲ್ದಾಣದ ಹಿಂದ
ಕಾರಣ: ಪಂಪ್‌ಹೌಸ್ ಮೋಟರ್ ಸುಟ್ಟದ
ಬದಲು: ಬೆಳಿಗ್ಗಿ 7ರಿಂದ 10, ಕುಂಬಾರ ಓಣಿ ಗುಡಿ ಹತ್ರ ಟ್ಯಾಂಕರ್
ಮುಂದಿನ ಸುದ್ದಿ: ಗುರುವಾರ ಸಂಜಿ 6ಕ್ಕ
ಹಾಕಿದ್ದು: ಬುಧವಾರ ಸಂಜಿ 7:40"

ನೀರು ಬಂದ ಮ್ಯಾಲ ಹಳೇ ಪೋಸ್ಟ್ ಅಳಿಸಬ್ಯಾಡ್ರಿ, ಅದಕ್ಕೇ ರಿಪ್ಲೈ ಮಾಡಿ "ಬಂತು" ಅಂತ ಹಾಕ್ರಿ. ಅಳಿಸಿದ್ರ ಏನೋ ಮುಚ್ಚಿಟ್ಟಂಗ ಕಾಣಸ್ತದ.

ಗುಡ್ಡದ_ಕೆಳಗ

ಇದು ಹಿಡೀತು ಅಕ್ಕಾರ. ಒಂದೇ ಸಂಶಯ. ಒಂದು ಟ್ಯಾಂಕಿನ ಮೂರು ಓಣಿಗಿ ನಳ ಬರೋದೇ ರಾತ್ರಿ 1 ಗಂಟೆಗಿ. "ಗುರುವಾರ ರಾತ್ರಿ 1ಕ್ಕ" ಅಂತ ಹಾಕಿದ್ರ ಅರ್ಧ ಮಂದಿ ಬುಧವಾರ ರಾತ್ರಿ ಎಚ್ಚರ ಇರ್ತಾರ, ಅರ್ಧ ಮಂದಿ ಗುರುವಾರ ರಾತ್ರಿ.

ಬಿಸಿಲೂರು

ಗಡಿಯಾರದ ಲೆಕ್ಕ ಬ್ಯಾಡ, ನಿದ್ದಿ ಲೆಕ್ಕ ಹೇಳ್ರಿ: "ಬುಧವಾರ ಊಟ ಮಾಡಿ ಮಲಗಿದ ಮ್ಯಾಲ, ರಾತ್ರಿ 1ಕ್ಕ. ಗುರುವಾರ ಬೆಳಗಾಗೋದ್ರೊಳಗ ನಳ ಮುಚ್ಚತದ." ತಾರೀಖು ಎರಡೂ ಹಾಕ್ರಿ, 11–12.